ಉದಗೀರದ ಬದ್ಲಿ ಕೋಣಿ

ಬೆಳಗಿನ ಆಳಂದ ಬಸ್ಸಿಗೆ ಹೊರಟಾಗ ನನ್ನ ಚೀಲದಲ್ಲಿ ಬಟ್ಟೆಗಿಂತ ನೀರು ಹೆಚ್ಚಿತ್ತು. ಲಾತೂರಿಗೆ ರೈಲಿನಲ್ಲಿ ನೀರು ತರಿಸಿದ ವರ್ಷ ಅದು. ಆ ಸೀಮೆಗೆ ಹೋಗುವವರೆಲ್ಲ ಬುತ್ತಿ ಕಟ್ಟುವ ಮೊದಲು ಬಾಟಲಿ ತುಂಬಿಕೊಳ್ಳುತ್ತಿದ್ದರು. ನಾನಂತೂ ಚಿಂತೆ ಮಾಡಲು ಬರಗಾಲಕ್ಕಾಗಿ ಕಾಯುವ ಮನುಷ್ಯನಲ್ಲ. ಗ್ಯಾಸ್ ಬಂದ್ ಆಗಿದೆಯೇ ಎಂದು ನೋಡಿ ಮೆಟ್ಟಿಲಿಳಿದೆ. ಓಣಿಯ ತಿರುವಿನಿಂದ ಹಿಂದಿರುಗಿ ಇನ್ನೊಮ್ಮೆ ನೋಡಿದೆ. ಬಾಗಿಲಲ್ಲಿ ನಿಂತ ಹೆಂಡತಿ ಸುನಂದಾ, "ನಾ ಮನ್ಯಾಗೇ ಇರ್ತೀನಲ್ರೀ. ಗ್ಯಾಸ್ ನಾ ನೋಡ್ಕೋತೀನಿ, ನೀವು ಬಸ್ ನೋಡ್ಕೋರಿ" ಎಂದಳು.

ಹೊರಟ ಕಾರಣ ಹೇಳಿದರೆ ನಗುತ್ತೀರಿ. ಪ್ರವಾಸ ಹೋಗಬೇಕೋ ಬೇಡವೋ ಎಂದು ಕೇಳಿಕೊಂಡು ಬರಲು ನಾನು ಪ್ರವಾಸ ಹೊರಟಿದ್ದೆ. ಹಿಂದಿನ ತಿಂಗಳು ನಮ್ಮೂರು ಕಲಬುರಗಿಯ ಹೋಟೆಲೊಂದರಲ್ಲಿ ರಜೆಯ ಮೆಂಬರ್‌ಶಿಪ್ ಮಾರುವ ಕಂಪನಿಯವರು ನಮ್ಮಿಬ್ಬರನ್ನು ಊಟಕ್ಕೆ ಕರೆದಿದ್ದರು. ಊಟ ಚಿಕ್ಕದು, ಭಾಷಣ ದೊಡ್ಡದು. ಒಮ್ಮೆ ದುಡ್ಡು ಕಟ್ಟಿದರೆ ಅವರ ಒಂದು ರೆಸಾರ್ಟಿನಲ್ಲಿ ವರ್ಷಕ್ಕೆ ಒಂದು ವಾರ ನಮ್ಮದು. ಆ ರೆಸಾರ್ಟು ಬೇಸರವಾದರೆ ನಮ್ಮ ವಾರ ಅವರಿಗೆ ಕೊಟ್ಟು ಬೇರೆ ಊರಿನ ವಾರ ತೆಗೆದುಕೊಳ್ಳಬಹುದು. ಇದಕ್ಕೆ ಎಕ್ಸ್‌ಚೇಂಜ್ ಎಂದು ಹೆಸರು. ಪರದೆಯ ಮೇಲೆ ಸಮುದ್ರ ಬಂತು, ಹಿಮ ಬಂತು, ಒಂಟೆ ಬಂತು. ಸುನಂದಾ ಮಿಸುಕದೆ ನೋಡಿದಳು.

ರಾತ್ರಿ ರಿಕ್ಷಾದಲ್ಲಿ ಅಂದಳು: "ತಗೊಂಡುಬಿಡೋಣ್ರೀ. ರೊಕ್ಕಾ ಕಟ್ಟಿದ ಮ್ಯಾಲ ನೀವು ಹೋಗದೇ ಇರಂಗಿಲ್ಲ."

ಅವಳ ಲೆಕ್ಕ ತಪ್ಪಲ್ಲ. ಮದುವೆಯಾದಾಗಿನಿಂದ ನಾವು ಹೋಗದ ಊರುಗಳು ಬಹಳ. ಊಟಿ ಗುಡ್ಡ ಕುಸಿದ ಸುದ್ದಿಗೆ ರದ್ದಾಯಿತು, ಗೋವಾ ಅಲೆಯ ಸುದ್ದಿಗೆ. ಶಿರಡಿ ನನ್ನ ಒಂದು ಹಲ್ಲಿಗೆ ರದ್ದಾಯಿತು. ಟಿಕೆಟ್ ವಾಪಸು ಮಾಡಿದ ಸಂಜೆಗೆ ಹಲ್ಲು ಸುಮ್ಮನಾಯಿತು. ಅವಳಿಗೆ ಮೆಂಬರ್‌ಶಿಪ್ ಬೇಕಾಗಿರಲಿಲ್ಲ, ನನಗೆ ಹಾಕಲು ಒಂದು ಮೂಗುದಾರ ಬೇಕಾಗಿತ್ತು. ನಾನೋ, ಎಕ್ಸ್‌ಚೇಂಜ್ ಎಂದರೇನೆಂದು ಪೂರ್ತಿ ತಿಳಿಯದೆ ಸಹಿ ಮಾಡುವುದಿಲ್ಲ ಎಂದೆ. ಅವಳ ತವರಿನ ಕಡೆ ಇಬ್ಬರು ಈಗಾಗಲೇ ಮೆಂಬರು: ಉಮರ್ಗಾದಲ್ಲಿ ತಮ್ಮ, ಉದಗೀರದಲ್ಲಿ ಕಾಕು, ಅಂದರೆ ಚಿಕ್ಕಮ್ಮ. "ಹೋಗಿ ಕೇಳ್ಕೊಂಡು ಬರ್ರಿ. ಬಂದು ಹೌದು ಅಲ್ಲ ಒಂದು ಹೇಳ್ರಿ. ವಿಚಾರ ಮಾಡೋಣ ಅಂತ ಮಾತ್ರ ಅನಬ್ಯಾಡ್ರಿ" ಎಂದು ಕಳಿಸಿದಳು.

ಆಳಂದದಲ್ಲಿ ಬಸ್ಸು ಬದಲಿಸಿ ಉಮರ್ಗಾ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಎರಡೂ ಬಸ್ಸು ಸೇರಿ ನೂರರ ನೋಟಿನಲ್ಲಿ ಚಹಾದಷ್ಟು ಉಳಿಯಿತು. ದಾರಿಯುದ್ದಕ್ಕೂ ಕರಿಯ ಹೊಲ ಬಾಯಿಬಿಟ್ಟು ಬಿದ್ದಿತ್ತು. ಊರೂರಿನ ಬಾಗಿಲಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಯಜಮಾನರಿಲ್ಲದೆ ಸಾಲು ಹಿಡಿದು ಟ್ಯಾಂಕರ್ ಕಾಯುತ್ತಿದ್ದವು. ಯಾರೂ ಯಾರ ಕೊಡವನ್ನೂ ಹಿಂದೆ ಸರಿಸಿರಲಿಲ್ಲ. ನಮ್ಮ ಓಣಿಯಲ್ಲಿ ಇಷ್ಟು ಶಿಸ್ತು ಇದ್ದಿದ್ದರೆ ನನ್ನ ಚಿಂತೆಗಳಲ್ಲಿ ಒಂದು ಕಡಿಮೆಯಾಗುತ್ತಿತ್ತು.

ಸುನಂದಾಳ ತಮ್ಮ ಬಸವರಾಜನದು ಬಜಾರದಲ್ಲಿ ಬಟ್ಟೆಯಂಗಡಿ. ಮದುವೆಯ ಹಂಗಾಮು, ಆದರೆ ಗಾದಿಯ ಮೇಲೆ ಗಿರಾಕಿಗಳಿಗಿಂತ ಒರಗುವ ಲೋಡುಗಳು ಹೆಚ್ಚಿದ್ದವು. ಅಕ್ಕನ ಗಂಡನಿಗೆ ಅಲ್ಲಿ ದಾಜಿ ಅನ್ನುತ್ತಾರೆ. "ಬರ್ರಿ ದಾಜಿ, ಬರ್ರಿ" ಎಂದು ಎದ್ದವನು, ನಾನು ವಿಷಯ ತೆಗೆದ ಕೂಡಲೇ ಕುಸಿದು ಕೂತ.

"ಅದರ ಹೆಸರ ತೆಗೀಬ್ಯಾಡ್ರಿ. ವಾರ ನಂದು. ಆದ್ರ ನನಗ ಸಿಗಂಗಿಲ್ಲ."

"ಅಂದ್ರ ಹ್ಯಾಂಗೋ?"

"ಪ್ರತಿ ವರ್ಷ ಗೋವಾ ಕೇಳ್ತೀನಿ. ದಿವಾಳಿ ಮುಗೀತು, ಅಂಗಡಿ ಹಗುರಾತು, ಡಿಸೆಂಬರ್ ಕಡೀ ವಾರ ಕೊಡ್ರಿ ಅಂತೀನಿ. ಜಾಗಾ ಇಲ್ಲ ಅಂತಾರ. ಮತ್ತ ಮೇಂಟೆನೆನ್ಸ್ ಮಾತ್ರ ವರ್ಷಾ ವರ್ಷಾ ಕಟ್ಟಬೇಕು, ಹೋಗ್ರಿ ಬಿಡ್ರಿ. ಅದ್ಲಾ-ಬದ್ಲಿ ಮಾಡೋ ಕಂಪನಿದು ಬ್ಯಾರೆ ಫೀ. ಮೊದಲು ಇದನ್ನ ಯಾರು ಹೇಳಿದ್ರು?"

"ನಿನ್ನ ವಾರ ಯಾವಾಗಿಂದು?" ಎಂದೆ.

ಬಸವರಾಜ ಲೋಡಿನ ಗೊಂಡೆ ಎಳೆಯತೊಡಗಿದ. ಚಹಾ ತಂದ ಅವನ ಹೆಂಡತಿ ರೇಖಾ ಉತ್ತರ ಕೊಟ್ಟಳು: "ಮಳಿಗಾಲದ್ದು ರೀ ದಾಜಿ. ಅದು ಸೋವಿ ಇತ್ತು, ಅದಕ್ಕ ತಗೊಂಡ್ರು. ಮಳಿಗಾಲದ್ದು ಕೊಟ್ಟು ಡಿಸೆಂಬರಿಂದು ಕೇಳ್ತಾರ. ಅಂಗಡ್ಯಾಗ ಯಾರರೆ ಉಟ್ಟ ಸೀರಿ ತಂದು, ಇದು ಇಟ್ಕೋರಿ, ರೇಶ್ಮಿ ಪೈಠಣಿ ಕೊಡ್ರಿ ಅಂದ್ರ ಇವರೇನು ಮಾಡ್ತಾರ ಕೇಳ್ರಿ."

"ನೀ ಒಳಗ ಹೋಗ" ಎಂದ ಬಸವರಾಜ.

"ಹೋಗ್ತೀನಿ. ಗೋವಾಕ್ಕಂತೂ ಹೋಗೋದಿಲ್ಲಲ್ಲ" ಎಂದು ಹೋದಳು.

ನನಗೆ ಒಂದು ಎಳೆ ಸಿಕ್ಕಿತು. ಒಂದು ವಾರವೆಂದರೆ ಇನ್ನೊಂದು ವಾರವಲ್ಲ. ಏನು ಕೊಡುತ್ತೇವೋ ಅದರ ತೂಕಕ್ಕೆ ತಕ್ಕದ್ದು ಸಿಗುತ್ತದೆ, ಅದೂ ಇನ್ನೊಬ್ಬರು ಬಿಟ್ಟುಕೊಟ್ಟಿದ್ದರೆ. ಆ ರಾತ್ರಿ ಹಾಸಿಗೆಯಲ್ಲಿ, ಎಲ್ಲರೂ ಡಿಸೆಂಬರಿನ ವಾರವನ್ನೇ ಕೊಂಡರೆ ಯಾರು ಬಿಟ್ಟುಕೊಟ್ಟಾರು ಎಂಬ ಹೊಸ ಚಿಂತೆಯನ್ನು ತಲೆದಿಂಬಿನಡಿ ಇಟ್ಟುಕೊಂಡು ಮಲಗಿದೆ.

ಉದಗೀರಕ್ಕೆ ನೇರ ಬಸ್ಸು ಹಿಡಿಯುತ್ತಿದ್ದೆನೇನೋ. ರೇಖಾ ಬಿಡಲಿಲ್ಲ, ನಿಲಂಗಾದಲ್ಲಿ ಅವಳಣ್ಣ ಕಾಶಿನಾಥನಿದ್ದಾನೆ, ಉಂಡು ಹೋಗಬೇಕು ಎಂದಳು. ಮರುದಿನ ಬೆಳಿಗ್ಗೆ ಮಹಾರಾಷ್ಟ್ರದ ಎಸ್‌ಟಿ ಬಸ್ಸು ಕಾಸಾರಶಿರಸಿಯ ಮೇಲೆ ಹಾಯ್ದು ಐವತ್ತು ಕಿಲೋಮೀಟರಿನ ದಾರಿಗೆ ಅರ್ಧ ಬೆಳಗನ್ನು ತೆಗೆದುಕೊಂಡಿತು. ಕಾಶಿನಾಥ ಸ್ಟ್ಯಾಂಡಿನಲ್ಲಿ ಮೋಟರ್‌ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಬಿಳಿ ಪೈಜಾಮ, ಹಣೆಗೆ ವಿಭೂತಿ, ಮುಖ ತುಂಬ ನಗು. ಮೊದಲು ತಿಂಡಿಯ ಗಾಡಿಯೊಂದರ ಮುಂದೆ ನಿಲ್ಲಿಸಿ ಆ ಊರಿನ ಹೆಸರಿನದೇ ಆದ ನಿಲಂಗಾ ರೈಸ್ ತಿನ್ನಿಸಿದ. ಹಳದಿ ಅನ್ನ, ಕೈತುಂಬ ಒಗ್ಗರಣೆ, ಕಣ್ಣಲ್ಲಿ ನೀರು ಬರುವ ಖಾರ. "ಇಲ್ಲಿ ನೀರು ಬರೋದು ಇದೊಂದು ಕಡಿಂದನೇ ರೀ" ಎಂದು ತಾನೇ ನಕ್ಕ.

ಆಮೇಲೆ ಹೊಲಕ್ಕೆ ಕರೆದೊಯ್ದ. ಅಂದು ಅವನ ಪಾಳಿಯಂತೆ. ಬಾವಿ ಮೂವರು ದಾಯಾದಿಗಳದು, ಕಲ್ಲು ಕಟ್ಟಿದ ದೊಡ್ಡ ಬಾವಿ. ಇಂಥ ವಾರ ಇಂಥವರ ಪಾಳಿ ಎಂದು ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಬಗ್ಗಿ ನೋಡಿದೆ. ತಳದಲ್ಲಿ ಒಡೆದ ಕೆಸರು, ಒಂದು ಪಾರಿವಾಳ.

"ನೀರೇ ಇಲ್ಲಲ್ರೀ, ಪಾಳಿ ಎಂಥದು?"

"ಸಂಕ್ರಾಂತಿಗೇ ಹೋಯ್ತು ನೀರು. ಪಾಳಿ ಹ್ಯಾಂಗ ಹೋಗ್ತದ?" ಎಂದ ಕಾಶಿನಾಥ. ಸಲಿಕೆ, ಬುಟ್ಟಿ, ಹಗ್ಗ ತೆಗೆದ. "ಯಾರ ಪಾಳಿ ಇರ್ತದೋ ಅವರು ಹೂಳು ತೆಗೀಬೇಕು. ಮಳಿ ಬಂದಾಗ ಬಾವಿ ತಯಾರಿರಬೇಕಲ್ಲ? ಕೆಲಸಾ ಮಾಡದವನ ಪಾಳಿ ಹೋಯ್ತು ಅಂತ ತಿಳೀರಿ."

"ಒಬ್ಬರ ಪಾಳಿ ಒಬ್ಬರು ಬದಲಾ ಮಾಡ್ಕೋತೀರೇನು?"

"ಮಾಡ್ತೀವಿ. ಮಗಳ ಲಗ್ನದಾಗ ನಾ ತಮ್ಮಂದು ತಗೊಂಡೆ. ಆದ್ರ ಕಬ್ಬಿಗೆ ನೀರು ಬೇಕಾದ ಟೈಮಿನಾಗ ಬಂದು ಕೇಳಿದ್ರ ಯಾವ ಅಣ್ಣಾನೂ ಕೊಡಂಗಿಲ್ಲ, ತಮ್ಮಾನೂ ಕೊಡಂಗಿಲ್ಲ. ಮೊದಲೇ ಹೇಳಿಡಬೇಕು. ಕೊಟ್ಟಿದ್ದು ವರ್ಷದೊಳಗ ವಾಪಸು ಕೇಳಲಿಲ್ಲ ಅಂದ್ರ ಮರೀಬೇಕು. ಯಾಕ್ರೀ, ನಿಮಗ ಪಾಳಿ ಬೇಕೇನು? ಅರ್ಧಾ ಹೂಳು ನೀವು ತೆಗದ್ರ ಕೊಡ್ತೀನಿ."

ನಾನು ಬಾವಿಯ ಕಟ್ಟೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಕಂಪನಿಯ ಕಥೆ ಹೇಳಿದೆ: ಹೋಗಲಿ ಬಿಡಲಿ ಕಟ್ಟುವ ವರ್ಷದ ಮೇಂಟೆನೆನ್ಸು, ಮುಂಚಿತವಾಗಿ ಜಮಾ ಮಾಡಬೇಕಾದ ವಾರ, ಅವಧಿ ಮೀರಿದರೆ ಕಳೆದುಹೋಗುವ ಹಕ್ಕು. ಹೇಳುತ್ತ ಹೇಳುತ್ತ ನನಗೇ ಎಲ್ಲ ತಿಳಿಯತೊಡಗಿತು. ಅಷ್ಟರಲ್ಲಿ ಕೆಳಗಿಳಿದಿದ್ದ ಕಾಶಿನಾಥ ಬಾವಿಯೊಳಗಿಂದ ಕೂಗಿದ: "ಅಂದ್ರ ಇದೇ ಬಾವಿ, ಬಾಜೂಕ ಸ್ವಿಮಿಂಗ್ ಪೂಲ್ ಅಂತ ಬೋರ್ಡ್ ಹಾಕ್ಯಾರ!" ನಗು ಕಲ್ಲಿನ ಗೋಡೆಗೆ ಬಡಿದು ಮೇಲೆ ಬಂತು. ಬತ್ತಿದ ಬಾವಿಯಲ್ಲಿ ಪಾಳಿ ತಪ್ಪಿಸದೆ ಇಳಿಯುವ ಮನುಷ್ಯನ ನಗು. ನಾನು ಹಗ್ಗ ಹಿಡಿದು ಹತ್ತಾರು ಬುಟ್ಟಿ ಎಳೆದೆ. ಹಗ್ಗ ಹರಿದರೆ ಎಂಬ ಚಿಂತೆ ಇದ್ದೇ ಇತ್ತು, ಆದರೂ ಎಳೆದೆ.

ಮಧ್ಯಾಹ್ನದ ಬಸ್ಸು ಶಿರೂರ ಅನಂತಪಾಳದ ಮೇಲೆ ಉದಗೀರಕ್ಕೆ ಬಂದಾಗ ಹೊತ್ತು ಮುಳುಗುತ್ತಿತ್ತು. ನನ್ನ ನಾಲ್ಕು ಬಾಟಲಿಯೂ ಖಾಲಿ. ಮೈಮೇಲೆ ಎರಡು ತಾಲೂಕಿನ ಧೂಳು, ಒಂದು ಬಾವಿಯ ಹೂಳು. ಸುನಂದಾಳ ಚಿಕ್ಕಮ್ಮ ನೀಲಾ ಕಾಕು ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟರು. ಅವರ ಯಜಮಾನರು ಶಿವಲಿಂಗಪ್ಪ ಕಾಕಾ ತೊಗರಿ ವ್ಯಾಪಾರಿ, ಒಂದು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಹಾಸುಮಂಚದ ಮೇಲೆ ಕೂತಿದ್ದರು.

"ಅಳಿಯಂದ್ರನ್ನ ಬದ್ಲಿ ಕೋಣಿಗೆ ಕರ್ಕೊಂಡು ಹೋಗ್ತೀನಿ" ಎಂದರು ಕಾಕು.

ಮಹಡಿಯ ಮೇಲಿನ ಕೋಣೆ. ಹೊಸದಾಗಿ ಬಳಿದ ಸುಣ್ಣ, ಮಡಿಕೆ ಮುರಿಯದ ಚಾದರ, ಆ ಹಳೆಯ ಮನೆಯಲ್ಲಿ ಎಲ್ಲೂ ಇಲ್ಲದ ಕಮೋಡು. ಬಚ್ಚಲಲ್ಲಿ ಮುಚ್ಚಳ ಮುಚ್ಚಿದ ನೀಲಿ ಡ್ರಮ್ಮು, ಅಂಚಿನವರೆಗೆ ತುಂಬಿದ್ದು. ಬದ್ಲಿ ಎಂದರೆ ಏನೆಂದು ಕೇಳುವ ತಾಳ್ಮೆ ನನ್ನ ಮೈಗೆ ಇರಲಿಲ್ಲ. ಬಕೆಟ್ಟಿನ ಮೇಲೆ ಬಕೆಟ್ ಸುರಿದುಕೊಂಡೆ. ಹಾಡು ಕೂಡ ಬಂತು.

ಕೆಳಗಿಳಿದಾಗ ಕಾಕು ಅಡಿಗೆಮನೆಯ ಬಾಗಿಲಲ್ಲಿ ಅಕ್ಕಿ ತೊಳೆದ ನೀರನ್ನು ಒಂದು ಪಾತೇಲಿಗೆ ಬಗ್ಗಿಸುತ್ತಿದ್ದರು. ಆ ನೀರಿನಲ್ಲಿ ಪಾತ್ರೆ ಮೊದಲ ಸಲ ತೊಳೆಯುತ್ತಾರೆ, ಅದೇ ನೀರು ಆಮೇಲೆ ತುಳಸಿಗೆ. ಟ್ಯಾಂಕರ್ ಬಂದು ವಾರವಾಗಿತ್ತು. ನನ್ನ ಹಾಡು ಅಲ್ಲಿಗೇ ನಿಂತಿತು.

"ಕಾಕು, ನಾನು ಮ್ಯಾಲಿನ ಡ್ರಮ್ಮಿನಾಗ... ಅರ್ಧಕ್ಕಿಂತ ಹೆಚ್ಚಿಗೆ..."

"ಭಾಳ ಛಲೋ ಆತು. ಅದು ನಿಮ್ಮ ಪಾಲಿಂದೇ."

"ನಾ ಬರೋದು ನಿಮಗ ನಿನ್ನೆ ಗೊತ್ತಾಯ್ತು. ಡ್ರಮ್ ವಾರದಿಂದ ತುಂಬ್ಯದ ಅಂತ ಕಾಣ್ತದ."

ಹಾಸುಮಂಚದಿಂದ ಕಾಕಾ ಕೆಮ್ಮಿದರು. "ಹೇಳ, ಹೇಳ. ನಿನ್ನ ಮುಂಬಯಿ ಸಾಹೇಬರ ಕಥಿ ಹೇಳ."

ಊಟದ ಎದುರಿಗೆ ಆ ಕಥೆ ಹೊರಬಂತು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ತಾಟು ತೊಳೆಯುವ ನೀರು ಉಳಿಸಲು ಮುತ್ತುಗದ ಎಲೆ. ಕಾಕು ಬಡಿಸುತ್ತ ಹೇಳಿದರು:

"ಮಾರಾಕ ಬಂದಂವಾ ಮರಾಠಿನಾಗ ತಿಳಿಸಿ ಹೇಳ್ದ. ತುಮ್ಚಾ ಆಠವಡಾ ತ್ಯಾಂನಾ, ತ್ಯಾಂಚಾ ತುಮ್ಹಾಲಾ. ನಮ್ಮ ವಾರ ಅವರಿಗೆ, ಅವರ ವಾರ ನಮಗ. ಭಾಳ ಮರ್ಯಾದಿ ವ್ಯವಹಾರ ಅನಿಸ್ತು ನನಗ. ನಾವು ಅವರ ಜಾಗಾಕ್ಕ ಹೋದ್ರ ಅವರು ನಮ್ಮ ಮನಿಗೆ ಬರ್ತಾರ ಅಂತ ತಿಳ್ಕೊಂಡೆ."

"ಕಮೋಡ್ ಹಾಕಿಸಿದ್ಳು" ಎಂದರು ಕಾಕಾ. "ಮುಂಬಯಿ ಮಂದಿಗೆ ಕೂಡ್ಲಿಕ್ಕ ಬರಂಗಿಲ್ಲ ಅಂತ. ಮುಂಬಯಿ ಗಾಡಿ ಬರೋ ಹೊತ್ತಿಗೆ ದಿನಾ ನನ್ನ ಸ್ಟೇಷನ್ನಿಗೆ ಕಳ್ಸಿದ್ಳು. ಯಾರರೆ ಗಾಬರಿಯಾಗಿ ನಿಂತಾರೇನು ನೋಡ್ರಿ ಅಂತ. ಗಾಬರಿಯಾಗಿ ನಿಂತಂವಾ ನಾನೊಬ್ಬನೇ."

"ಯಾರೂ ಬರಲಿಲ್ಲ. ಕಂಪನಿಗೆ ಫೋನ್ ಹಚ್ಚಿದೆ. ಆ ಹುಡುಗಿ ನಗಲಿಕ್ಕತ್ತಳು. ನಿಮ್ಮ ವಾರ ಎಲ್ಲಾರ ವಾರದ ಜೋಡಿ ಒಂದು ರಾಶ್ಯಾಗ ಬೀಳ್ತದ ಮೇಡಮ್, ಯಾರಿಗೋ ಹೋಗ್ತದ, ನಿಮ್ಮ ಮನಿಗೆ ಯಾರೂ ಬರಂಗಿಲ್ಲ ಅಂದ್ಳು. ಅಳಿಯಂದ್ರೇ, ನೀವೇ ಹೇಳ್ರಿ. ಯಾರದೋ ಹಾಸಿಗಿ ಮ್ಯಾಲ ವಾರಗಟ್ಲೆ ಮಲಗಿ ಬಂದೀವಿ. ನಮ್ಮ ಹಾಸಿಗಿ ಮ್ಯಾಲ ಒಬ್ಬರೂ ಮಲಗಲಿಲ್ಲ ಅಂದ್ರ ಅದು ಬದ್ಲಿ ಹ್ಯಾಂಗಾತು? ಅದು ಬರೇ ತಗೊಂಡಂಗಾತು."

ಅಂದಿನಿಂದ ಕಾಕು ತಮ್ಮದೇ ಕಾಯಿದೆ ಮಾಡಿಕೊಂಡಿದ್ದಾರೆ. ತಾವೊಂದು ವಾರ ಹೊರಗೆ ಇದ್ದು ಬಂದರೆ, ಆ ಕೋಣೆಯಲ್ಲಿ ಯಾರಾದರೂ ಅಷ್ಟು ದಿನ ಇದ್ದು ಹೋಗಬೇಕು. ಒಂದು ವರ್ಷ ಪರೀಕ್ಷೆಯ ಡ್ಯೂಟಿಗೆ ಬಂದ ಇಬ್ಬರು ಶಿಕ್ಷಕಿಯರು. ಇನ್ನೊಂದು ವರ್ಷ ದಾಲ್ ಮಿಲ್ಲಿಗೆ ಬಂದು ಲಾರಿ ಕೆಟ್ಟು ನಿಂತ ಒಬ್ಬ ಸರದಾರಜಿ. ರೊಟ್ಟಿ ತಿಂದು ತಿಂದು, ಹೋಗುವಾಗ ಸಾಸಿವೆ ಎಣ್ಣೆಯ ಡಬ್ಬಿ ಬಿಟ್ಟು ಹೋದನಂತೆ. ಈ ಬರದಲ್ಲೂ ಟ್ಯಾಂಕರ್ ಬಂದರೆ ಮೊದಲು ಆ ಕೋಣೆಯ ಡ್ರಮ್ಮು ತುಂಬಬೇಕು. ಆಮೇಲೆ ಮನೆಯದು.

"ಕಾಕು, ನಿಮಗ ಕೇಳಿದ ವಾರ ಸಿಗ್ತದೇನು?" ಎಂದೆ, ನನ್ನ ಕೆಲಸ ನೆನಪಾಗಿ.

"ಪ್ರತಿ ಸಲ."

"ಬಸವರಾಜಗ ಸಿಗವಲ್ದಂತ."

"ಅಂವಾ ಎಲ್ಲಾರೂ ಕೇಳೋದು ಕೇಳ್ತಾನ. ನಾವು ಆಷಾಢದಾಗ ಘಟ್ಟ ಕೇಳ್ತೀವಿ. ಮಳ್ಯಾಗ ಹೊರಗ ಕಾಲಿಡಲಿಕ್ಕ ಆಗಂಗಿಲ್ಲ ಅಂತ ಎಲ್ಲಾರೂ ಬಿಟ್ಟಿರ್ತಾರ. ದೊಡ್ಡ ಕೋಣಿ ಕೊಡ್ತಾರ. ನಮಗ ಹೊರಗ ಹೋಗೋದು ಏನದ? ಕುರ್ಚಿ ಹಾಕ್ಕೊಂಡು ಪಡಸಾಲ್ಯಾಗ ಕೂಡ್ತೀವಿ. ಮಳಿ ನೋಡ್ತೀವಿ."

"ದಿನಾ?"

"ದಿನಾ. ಕಾಕಾ ಮೊದಲನೇ ದಿವಸ ಅಂದ್ರು, ನೀಲಾ, ಇಷ್ಟು ನೀರು ಹಿಂಗ ಹೋಗಲಿಕ್ಕತ್ತದಲ್ಲ, ಯಾರರೆ ಒಂದು ಬಕೆಟ್ ಇಡಬೇಕಲ್ಲ ಅಂತ. ಆಳು ಮಕ್ಕಳು ನಕ್ರು. ಕಡೀಗೆ ಒಂದು ಬಕೆಟ್ ತಂದಿಟ್ರು, ಇವರ ಸಮಾಧಾನಕ್ಕ."

ಕಾಕಾ ನಗಲಿಲ್ಲ. "ತುಂಬೋ ಸಪ್ಪಳಾ ಕೇಳ್ಕೋತ ಕುಂತಿದ್ದೆ" ಎಂದರು.

ಬಸವರಾಜ ಸೋವಿಯೆಂದು ಕೊಂಡು ಹಳಹಳಿಸುವ ಮಳೆಗಾಲದ ವಾರ, ಈ ದಂಪತಿ ಬೇಕೆಂದೇ ಕೇಳಿ ಪಡೆಯುವ ವಾರ. ಎರಡು ದಿನದಿಂದ ನಾನು ಕಂಪನಿಯ ಕಾಯಿದೆ ಕೇಳುತ್ತ ಬಂದಿದ್ದೆ. ನಮಗೆ ಏನು ಬೇಕೆಂದು ಮಾತ್ರ ಯಾರನ್ನೂ ಕೇಳಿರಲಿಲ್ಲ, ಸುನಂದಾಳನ್ನು ಸಹ.

ಬೆಳಿಗ್ಗೆ ಚಹಾ ಕುಡಿಯುವಾಗ ಕಾಕು ನೇರ ಕೇಳಿದರು: "ಸುನಂದಾಗ ಇಷ್ಟು ವರ್ಷದಾಗ ಎಲ್ಲಿಗೆ ಕರ್ಕೊಂಡು ಹೋಗೀರಿ?"

ಊಟಿ, ಗೋವಾ, ಶಿರಡಿ ಎಂದು ಹೇಳಲು ಬಾಯಿ ತೆರೆದೆ. ಅವೆಲ್ಲ ಹೋಗದ ಊರುಗಳೆಂದು ನೆನಪಾಗಿ ಚಹಾ ಕುಡಿದೆ.

"ಹಂಗಾದ್ರ ಕೊಳ್ಳಬ್ಯಾಡ್ರಿ. ವರ್ಷದ ಮೊದಲೇ ಹೋಗೋ ತಾರೀಖು ಹೇಳಬೇಕಾಗ್ತದ. ನಿಮ್ಮಂಥವರು ಹೇಳೋದೇ ಇಲ್ಲ. ವಾರ ಕೊಳೀತದ, ವರ್ಷದ ರೊಕ್ಕಾ ಹೋಗ್ತದ" ಎಂದರು. ಮುಖಕ್ಕೆ ಹೊಡೆದ ಹಾಗಿತ್ತು, ಆದರೆ ಕೈಯಲ್ಲಿ ಇನ್ನೊಂದು ಚಹಾ ಇತ್ತು. "ಒಂದು ಮಾತು ಕೇಳ್ರಿ. ಬರೋ ಆಷಾಢಕ್ಕ ಘಟ್ಟದ ಮ್ಯಾಲ ನಮ್ಮ ವಾರ ಪಕ್ಕಾ ಆಗ್ಯದ. ಕಾಕಾನ ಮೊಣಕಾಲಿಗೆ ಅಲ್ಲಿ ಮೆಟ್ಟಿಲು ಆಗಂಗಿಲ್ಲ. ಕಲಬುರ್ಗಿ ಡಾಕ್ಟರಿಗೆ ತೋರಿಸಬೇಕು, ವಾರಗಟ್ಲೆ ಇರಬೇಕಾಗ್ತದ ಅಂತಾರ. ಮೆಂಬರ್ ತನ್ನ ವಾರ ಸಂಬಂಧಿಕರಿಗೆ ಕೊಡ್ಲಿಕ್ಕ ಬರ್ತದ, ಕಂಪನಿಗೆ ಮೊದಲು ಹೆಸರು ತಿಳಿಸಿ ಸಣ್ಣ ಫೀ ಕಟ್ಟಿದ್ರ ಆತು. ನೀವಿಬ್ಬರೂ ನಮ್ಮ ವಾರಕ್ಕ ಹೋಗ್ರಿ. ನಾವಿಬ್ಬರೂ ನಿಮ್ಮ ಮನ್ಯಾಗ ಇರ್ತೀವಿ. ಇದು ಖರೇ ಅದ್ಲಾ-ಬದ್ಲಿ."

"ನೀವು ಬರ್ರಿ ಕಾಕು, ನಿಮ್ಮದೇ ಮನಿ. ನಾವೂ ಅಲ್ಲೇ ಇದ್ದು ಸೇವಾ..."

"ಆ ಹೊತ್ತಿಗೆ ನಿಮ್ಮ ಹಲ್ಲು ನೂಸ್ತದಂತ ಗೊತ್ತದ ನನಗ. ಸುನಂದಾ ಎಲ್ಲಾ ಹೇಳ್ಯಾಳ. ಮನಿ ಖಾಲಿ ಇದ್ರ ಬರ್ತೀವಿ. ನೀವು ಮನ್ಯಾಗ ಉಳಿದ್ರಿ ಅಂದ್ರ ಅದು ಬದ್ಲಿ ಅಲ್ಲ, ನಾವು ಬರಂಗಿಲ್ಲ. ಕಾಕಾನ ಮೊಣಕಾಲು ನಿಮ್ಮ ಕೈಯಾಗದ."

ಕಾಕಾ ಆ ಮೊಣಕಾಲನ್ನು ನನ್ನ ಕಡೆಗೆ ಸ್ವಲ್ಪ ಚಾಚಿದರು. ಕಂಪನಿಯ ಭಾಷಣಕಾರರು ಮೂರು ತಾಸಿನಲ್ಲಿ ಮಾಡಲಾಗದ ಕೆಲಸವನ್ನು ಈ ಹೆಂಗಸು ಒಂದು ಚಹಾದಲ್ಲಿ ಮುಗಿಸಿದ್ದರು. "ಹೂಂ" ಎಂದೆ. ಆ ಮನೆಯಲ್ಲಿ ಅದಕ್ಕಿಂತ ಚಿಕ್ಕ ಸಹಿ ಯಾರೂ ಹಾಕಿರಲಿಕ್ಕಿಲ್ಲ.

ಹೊರಡುವ ಮೊದಲು ಕಾಕು ನನ್ನ ಖಾಲಿ ಬಾಟಲಿಗಳನ್ನು ಬದ್ಲಿ ಕೋಣೆಯ ಡ್ರಮ್ಮಿನಿಂದಲೇ ತುಂಬಿಸಿದರು. ಬೇಡವೆಂದರೆ ಕೇಳಲಿಲ್ಲ. ಬಸ್ಸು ಹೊರಳುವಾಗ ಹಿಂದಿರುಗಿ ನೋಡಿದೆ. ಬಜಾರದ ಹೆಂಚು ತಗಡುಗಳ ಸಾಲಿನಲ್ಲಿ ಆ ಒಂದು ಮಹಡಿಯ ಗೋಡೆ ಬೆಳ್ಳಗೆ ನಿಂತಿತ್ತು, ಯಾರೋ ಬರುವವರಿದ್ದಾರೆ ಎಂಬಂತೆ. ಭಾಲ್ಕಿ, ಹುಮನಾಬಾದಿನ ಮೇಲೆ ಬಸ್ಸು ಬದಲಿಸುತ್ತ ಕಲಬುರಗಿ ಮುಟ್ಟುವವರೆಗೆ ಆ ನೀರನ್ನು ಗುಟುಕು ಗುಟುಕಾಗಿ ಕುಡಿದೆ.

ಸುನಂದಾ ಬಾಗಿಲು ತೆರೆದವಳೇ ಕೇಳಿದಳು: "ಹೌದೋ, ಅಲ್ಲೋ?"

"ಕೊಳ್ಳೋದಿಲ್ಲ" ಎಂದೆ. ಅವಳ ಮುಖ ಬಾಡುವುದರೊಳಗೆ ಸೇರಿಸಿದೆ: "ಆದ್ರ ಆಷಾಢದಾಗ ನಾವು ಮನಿ ಖಾಲಿ ಮಾಡಬೇಕಾಗ್ಯದ. ನಿಮ್ಮ ಕಾಕು ಬರ್ತಾರ." ಕಥೆಯೆಲ್ಲ ಹೇಳಿದೆ. ಅವಳು ನಡುನಡುವೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಎದ್ದುಹೋಗಿ ಹಿಂದಿನ ಕೋಣೆಯಲ್ಲಿದ್ದ ನನ್ನ ಹಳೆಯ ಪೇಪರಿನ ಗಂಟುಗಳನ್ನು ಹೊರಗೆ ಎಳೆಯತೊಡಗಿದಳು. ಆಷಾಢಕ್ಕೆ ಇನ್ನೂ ತಿಂಗಳುಗಳಿದ್ದವು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ತಡೆಯಲಾಗಲಿಲ್ಲ.

"ಆಷಾಢದಾಗ ಘಟ್ಟದ ಮ್ಯಾಲ ಮಳಿ ಭಾಳ ಜೋರು ಇರ್ತದಂತ, ಸುನಂದಾ."

ಅವಳು ಗಂಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಮುಖಕ್ಕೆಲ್ಲ ಧೂಳು, ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು.

"ಅದಕ್ಕೇ ಹೋಗೋದ್ರೀ" ಎಂದಳು.